ಮೂಕಿ ಏರಿದರೆ ಬಾಲ ನೆಲಕ್ಕೆ



ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಹೆದ್ದಾರಿಗಳ ಮೇಲೆ ಕಾರುಗಳ ಹಿಂದೆ ಪುಟ್ಟ ಪುಟ್ಟ ಮನೆಗಳು ಹೊರಡುತ್ತವೆ. ಒಳಗೆ ಇಬ್ಬರು ಮಲಗುವಷ್ಟು ಮಂಚ, ಎರಡು ಉರಿಯ ಗ್ಯಾಸ್ ಒಲೆ, ಒಂದು ಸಿಂಕು, ಕೆಲವದರಲ್ಲಿ ತಿರುಗಿದರೆ ಮೊಣಕೈ ಗೋಡೆಗೆ ತಾಗುವಂಥ ಬಚ್ಚಲು. ಎಂಜಿನ್ ಇಲ್ಲ, ಎಳೆದಲ್ಲಿಗೆ ಬರುತ್ತದೆ. ಟ್ರಾವೆಲ್ ಟ್ರೈಲರ್ ಅಂತ ಹೆಸರು. ಈ ದೇಶಕ್ಕೆ ಬಂದು ನೆಲೆಸಿದ ಕನ್ನಡಿಗರಲ್ಲೂ ಇದರ ಗೀಳು ಹತ್ತಿಸಿಕೊಂಡವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಇವತ್ತಿನ ಮಾತು ಪ್ರವಾಸದ ಸೊಗಸಿನದ್ದಲ್ಲ. ಆ ಪುಟ್ಟ ಮನೆಯ ತಳಕ್ಕೂ ಕೆಳಗಿನ ನೆಲಕ್ಕೂ ನಡುವೆ ಇರುತ್ತದಲ್ಲ ಗೇಣುದ್ದದ ಜಾಗ, ನಮ್ಮ ಕಾರು ಮಾರುವವರೂ ಈಗ ‘ಗ್ರೌಂಡ್ ಕ್ಲಿಯರೆನ್ಸ್’ ಎಂದೇ ಹೇಳುತ್ತಾರಲ್ಲ, ಅದರದ್ದು.

ಮೊದಲು ಈ ಗಾಡಿಗಳು ಇಷ್ಟು ಕುಳ್ಳಗೆ ಯಾಕಿವೆ ಅನ್ನುವುದನ್ನು ನೋಡೋಣ. 1968ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ರೇ ಒಲೆಕೊ ಎಂಬಾತ ಬೋಲರ್ ಎನ್ನುವ 13 ಅಡಿಯ ಟ್ರೈಲರ್ ಹೊರತಂದ. ಅದಕ್ಕೂ ಮುಂಚೆ ಆತ ಫೈಬರ್‌ಗ್ಲಾಸಿನಲ್ಲಿ ಸೆಪ್ಟಿಕ್ ಟ್ಯಾಂಕ್ ರೂಪಿಸಿದ್ದವನು. ಶೌಚದ ತೊಟ್ಟಿಯನ್ನು ಎರಕ ಹೊಯ್ಯಬಹುದಾದರೆ ಮನೆಯನ್ನು ಯಾಕೆ ಹೊಯ್ಯಬಾರದು? ಎರಡು ಅಚ್ಚು, ಎರಡು ಚಿಪ್ಪು, ನಡುವೆ ಒಂದು ಬೆಸುಗೆ. ಮರದ ಚೌಕಟ್ಟಿಲ್ಲ, ಸೋರುವ ಸಂದುಗಳು ಕಡಿಮೆ, ತೂಕ ಸುಮಾರು 450 ಕಿಲೋ. ಸಾಧಾರಣ ಕಾರು ಕೂಡ ಎಳೆದುಕೊಂಡು ಹೋಗಬಲ್ಲದು. ಅದರ ಹಿಂದೆಯೇ ಮಿನೆಸೋಟ ರಾಜ್ಯದ ಬ್ಯಾಕಸ್ ಎಂಬ ಸಣ್ಣ ಊರಿನಿಂದ ಸ್ಕ್ಯಾಂಪ್ ಬಂತು, ಆಮೇಲೆ ಟೆಕ್ಸಸ್‌ನಿಂದ ಕಸೀಟ ಬಂತು. ಇವೆಲ್ಲ ಒಂದೇ ಬಳಗ. ಚಿಕ್ಕ ಕಾರು ಎಳೆಯಬೇಕು, ಗಾಳಿಗೆ ಹೆಚ್ಚು ಎದೆ ಕೊಡಬಾರದು, ಆದರೆ ಒಳಗೆ ಆಳು ನೆಟ್ಟಗೆ ನಿಲ್ಲಬೇಕು. ಚಾವಣಿ ಏರಿಸುವ ಹಾಗಿಲ್ಲವೆಂದ ಮೇಲೆ ನೆಲವನ್ನೇ ಇಳಿಸಬೇಕಲ್ಲವೇ? ಇಳಿಸಿದರು. ಚಕ್ರವೂ ಚಿಕ್ಕದು, ನೆಲವೂ ತಗ್ಗು. ಹೆದ್ದಾರಿಯಲ್ಲಿ ಅಡ್ಡಗಾಳಿ ಬೀಸಿದಾಗ ಈ ಗಾಡಿ ಅಲುಗಾಡದೆ ಹಿಂದೆ ಬರುವುದಕ್ಕೆ, ಪೆಟ್ರೋಲ್ ಖರ್ಚು ಹಿಡಿತದಲ್ಲಿರುವುದಕ್ಕೆ, ಮಂಡಿನೋವಿನವರೂ ಸಲೀಸಾಗಿ ಒಳಗೆ ಕಾಲಿಡುವುದಕ್ಕೆ ಈ ತಗ್ಗೇ ಕಾರಣ. ಅಂದರೆ ಇದು ಕಾಸು ಕೊಟ್ಟು ಕೊಂಡ ಗುಣ. ತಳ ಒಂದು ಸಲ ಉಜ್ಜಿತು ಎಂದು ಓಡಿಹೋಗಿ ಗಾಡಿಯನ್ನೇ ಎತ್ತರಿಸಿಬಿಡುವವರನ್ನು ಕಂಡರೆ ನನಗೆ ಅದಕ್ಕೇ ಸ್ವಲ್ಪ ಸಿಟ್ಟು.

ಉಜ್ಜುವುದು ಎಲ್ಲಿ? ಹೆದ್ದಾರಿಯಲ್ಲಲ್ಲ. ಮೊದಲನೆಯ ಜಾಗ ಪೆಟ್ರೋಲ್ ಬಂಕು, ಎರಡನೆಯದು ಸ್ವಂತ ಮನೆಯ ಮುಂದಿನ ಇಳಿಜಾರು. ರಸ್ತೆ ಅಂಚಿನಲ್ಲಿ ಮಳೆನೀರು ಹರಿಯಲು ಒಂದು ತಗ್ಗು ಕಾಲುವೆ, ಅದನ್ನು ದಾಟಿದ ಕೂಡಲೇ ಏರು. ಕಾರು ಏರುತ್ತದೆ, ಏನೂ ಆಗುವುದಿಲ್ಲ. ಟ್ರೈಲರಿನ ಗಾಲಿ ಕಾಲುವೆಗೆ ಇಳಿಯುವ ಹೊತ್ತಿಗೆ ಹಿಂದಿನಿಂದ ‘ಕರ್ರ್’ ಎಂಬ ಸದ್ದು. ಪಕ್ಕದಲ್ಲಿ ಕೂತವರು ‘ರೀ, ಏನೋ ತಾಗ್ತು ಕಣ್ರೀ’ ಅನ್ನುತ್ತಾರೆ. ಇಳಿದು ನೋಡಿದರೆ ಹೆಚ್ಚಿನ ಸಲ ಹಿಂದಿನ ಬಂಪರಿನ ಕೆಳಗೆ ಬಣ್ಣ ಹೋಗಿರುತ್ತದೆ, ಅಷ್ಟೇ. ಅದೃಷ್ಟ ಕೆಟ್ಟಿದ್ದರೆ ಶೌಚದ ತೊಟ್ಟಿಯಿಂದ ಹೊರಬರುವ ಪ್ಲಾಸ್ಟಿಕ್ ಕೊಳವೆಯೂ ಅದರ ವಾಲ್ವೂ ಮುರಿದಿರುತ್ತವೆ. ತೊಟ್ಟಿ ಖಾಲಿ ಇದ್ದರೆ ಬಚಾವು. ತುಂಬಿತ್ತೆಂದರೆ, ಪೆಟ್ರೋಲ್ ಬಂಕಿನ ನಟ್ಟನಡುವೆ, ಹಿಂದೆ ಸಾಲಾಗಿ ನಿಂತ ಕಾರುಗಳ ಎದುರಿಗೆ... ಊಟದ ಹೊತ್ತಿನಲ್ಲಿ ರೇಡಿಯೋ ಕೇಳುವವರಿರುತ್ತಾರೆ, ಮುಂದಕ್ಕೆ ಹೋಗುತ್ತೇನೆ.

ಇದು ಯಾಕೆ ಹೀಗೆ ಎಂಬುದನ್ನು ಅಮೆರಿಕದವರಿಗಿಂತ ನಮ್ಮ ಹಳ್ಳಿಯವರಿಗೆ ಬೇಗ ತಿಳಿಸಬಹುದು. ಒಂಟಿ ಅಚ್ಚಿನ ಎತ್ತಿನ ಗಾಡಿ ನೆನೆಸಿಕೊಳ್ಳಿ. ಎತ್ತು ಬಿಟ್ಟು ಮೂಕಿಯನ್ನು ಮೇಲಕ್ಕೆತ್ತಿದರೆ ಗಾಡಿಯ ಹಿಂಭಾಗ ನೆಲಕ್ಕೆ ಕೂರುತ್ತದೆ. ಟ್ರೈಲರಿನದೂ ಅದೇ ಕಥೆ. ಅದರ ಮೂಕಿಯ ತುದಿ ಕಾರಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂತಿರುತ್ತದೆ. ಕಾರು ಏರನ್ನು ಹತ್ತಿದಾಗ ಮೂಕಿ ಮೇಲೇಳುತ್ತದೆ, ಬಾಲ ಕೆಳಗಿಳಿಯುತ್ತದೆ. ನಿಂತ ಗಾಡಿಯ ಕೆಳಗೆ ಟೇಪು ಹಿಡಿದು ‘ಹದಿನಾಲ್ಕು ಅಂಗುಲ ಇದೆ, ಸಾಕು’ ಎನ್ನುವವರು ಈ ಆಟವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಮೂಕಿಯೂ ಸೇರಿ 16 ಅಡಿ ಉದ್ದದ ಗಾಡಿ ಅಂದುಕೊಳ್ಳಿ. ಗುಂಡಿನಿಂದ ಅಚ್ಚಿಗೆ 10 ಅಡಿ, ಅಚ್ಚಿನಿಂದ ಬಾಲಕ್ಕೆ 6 ಅಡಿ. ಮೂಕಿ ಒಂದು ಅಡಿ ಮೇಲೇರಿದರೆ ಬಾಲ ಅದರ ಹತ್ತರಲ್ಲಿ ಆರು ಪಾಲು, ಅಂದರೆ ಏಳು ಅಂಗುಲದಷ್ಟು ಇಳಿಯುತ್ತದೆ. ಇದರ ಮೇಲೆ ಗಾಲಿ ಮೂರು ಅಂಗುಲ ಆಳದ ಕಾಲುವೆಗೆ ಇಳಿಯಿತು ಅನ್ನಿ. ಆಗ ಬಾಲ ಮೂರೇ ಅಂಗುಲ ಇಳಿಯುತ್ತದೆ ಎಂದುಕೊಂಡರೆ ತಪ್ಪು. ಮೂಕಿಯ ತುದಿ ಗುಂಡಿಗೆ ಕಟ್ಟಿಬಿದ್ದಿದೆ. ಅಚ್ಚು ಮೂರು ಇಳಿದರೆ ಅದಕ್ಕೂ ಹಿಂದೆ ಇರುವ ಬಾಲ ಸುಮಾರು ಐದು ಅಂಗುಲ ಇಳಿಯುತ್ತದೆ. ಏಳೂ ಐದೂ ಹನ್ನೆರಡು. ಹದಿನಾಲ್ಕರಲ್ಲಿ ಉಳಿದದ್ದು ಎರಡು ಅಂಗುಲ. ಬಾಲದ ಕೆಳಗೆ ಕೊಳವೆಯೋ ಹೆಚ್ಚುವರಿ ಚಕ್ರವೋ ಜೋತುಬಿದ್ದಿದ್ದರೆ ಆ ಎರಡೂ ಇಲ್ಲ.

ಹಾಗಾಗಿ ನೋಡಬೇಕಾದ್ದು ಎತ್ತರವನ್ನಲ್ಲ, ಓರೆಯನ್ನು. ಗಾಲಿ ನೆಲ ಮುಟ್ಟುವ ಜಾಗದಿಂದ ಒಂದು ದಾರ ಹಿಡಿದು, ಹಿಂದೆ ಜೋತಾಡುವ ಪ್ರತಿಯೊಂದು ವಸ್ತುವಿನ ತಳಕ್ಕೂ ಎಳೆದು ನೋಡಿ. ಬಂಪರು 6 ಅಡಿ ಹಿಂದೆ, 14 ಅಂಗುಲ ಎತ್ತರದಲ್ಲಿದ್ದರೆ ದಾರ ನೆಲಕ್ಕೆ 11 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಕೊಳವೆ 4 ಅಡಿ ಹಿಂದೆ, 8 ಅಂಗುಲ ಎತ್ತರದಲ್ಲಿದ್ದರೆ ಒಂಬತ್ತೂವರೆ ಡಿಗ್ರಿಯೂ ಇಲ್ಲ. ಆಗ ಮೊದಲು ತಾಗುವುದು ಕೊಳವೆಯೇ. ಅದೇ ಕೊಳವೆ ಅಷ್ಟೇ ಎತ್ತರದಲ್ಲಿ ಗಾಲಿಗೆ ಎರಡಡಿ ಹತ್ತಿರ ಇದ್ದಿದ್ದರೆ 18 ಡಿಗ್ರಿ. ಅದರ ಚಿಂತೆಯೇ ಬೇಡ. ಎಲ್ಲಕ್ಕಿಂತ ಕೆಳಗಿರುವ ವಸ್ತುವೇ ಮೊದಲು ತಾಗಬೇಕೆಂದಿಲ್ಲ. ಗಾಲಿಯಿಂದ ಎಷ್ಟು ದೂರದಲ್ಲಿ ಕೆಳಗಿದೆ ಎಂಬುದು ಮುಖ್ಯ. ಈ ದಾರದ ಪರೀಕ್ಷೆಯನ್ನು ಗಾಡಿ ಕೊಳ್ಳುವ ಮುಂಚೆಯೇ, ಮಾರುವವನ ಅಂಗಳದಲ್ಲೇ ಮಾಡಬೇಕು. ಅವನು ನಕ್ಕರೆ ನಗಲಿ.

ಇನ್ನು ಉಪಾಯಗಳಿಗೆ ಬರೋಣ. ನನ್ನ ಪಟ್ಟಿಯಲ್ಲಿ ಮೊದಲನೆಯದಕ್ಕೆ ದುಡ್ಡೇ ಬೇಡ: ಕಾರಿನ ಹಿಂದಿನ ಗುಂಡಿನ ಎತ್ತರ ನೋಡುವುದು. ಟ್ರೈಲರು ಎಳೆಯುವಾಗ ಅದರ ಚೌಕಟ್ಟು ನೆಲಕ್ಕೆ ಸಮನಾಗಿರಬೇಕು. ಗುಂಡು ಮೂರು ಅಂಗುಲ ಹೆಚ್ಚಿಗೆ ಎತ್ತರದಲ್ಲಿದ್ದರೆ ಬಾಲ ಹೆಚ್ಚುಕಡಿಮೆ ಎರಡು ಅಂಗುಲ ಇಳಿದುಕೊಂಡೇ ಊರೂರು ತಿರುಗುತ್ತಿರುತ್ತದೆ, ಸಮತಟ್ಟಾದ ರಸ್ತೆಯಲ್ಲೂ. ಗುಂಡನ್ನು ಹಿಡಿದಿರುವ ಉಕ್ಕಿನ ತುಂಡು, ‘ಬಾಲ್ ಮೌಂಟ್’, ಮೇಲಕ್ಕೆ ಬಾಗಿದ್ದು, ಕೆಳಕ್ಕೆ ಬಾಗಿದ್ದು ಎಂದು ಬೇರೆ ಬೇರೆ ಅಳತೆಗಳಲ್ಲಿ ಸಿಗುತ್ತದೆ. ಒಂದು ಪಿನ್ನು ಕಿತ್ತರೆ ಬದಲಾಯಿಸಬಹುದು. ಹಾಗಂತ ಬಾಲ ಏರಲಿ ಎಂದು ಗುಂಡನ್ನು ತೀರಾ ಕೆಳಗಿಳಿಸಲೂಬಾರದು. ಮೂಕಿಯ ಕೆಳಗಿನ ಜಾಕ್ ಆಗ ರಸ್ತೆ ಕೆರೆಯುತ್ತದೆ.

ಅಳೆಯುವುದು ಯಾವಾಗ ಎಂಬುದರಲ್ಲೇ ಜನ ಎಡವುವುದು. ಖಾಲಿ ಕಾರು, ಖಾಲಿ ಟ್ರೈಲರು ನಿಲ್ಲಿಸಿ ಅಳೆದು ಸಮಾಧಾನಪಟ್ಟುಕೊಳ್ಳುತ್ತಾರೆ. ಗಾಡಿಯ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಬಿದ್ದಿರಬೇಕು ಎನ್ನುವುದು ಈ ದೇಶದಲ್ಲಿ ಒಪ್ಪಿತ ಲೆಕ್ಕ. ನಮ್ಮ ಗಾಡಿಯವರು ಹಿಂಭಾರ ಆಗಬಾರದು ಅನ್ನುವುದೂ ಇದನ್ನೇ. ಹಿಂಭಾರವಾದ ಟ್ರೈಲರು ವೇಗದಲ್ಲಿ ಬಾಲ ಬೀಸತೊಡಗಿದರೆ ಕಾರನ್ನೇ ಉರುಳಿಸಿಬಿಡಬಹುದು. 1,200 ಕಿಲೋ ಟ್ರೈಲರಾದರೆ ಮೂಕಿಯ ಭಾರ 120ರಿಂದ 180 ಕಿಲೋ. ಅಷ್ಟು ಭಾರ ಕಾರಿನ ಹಿಂದಿನ ತುದಿಗೆ ಬಿದ್ದು, ಡಿಕ್ಕಿಯಲ್ಲಿ ಅಕ್ಕಿ ಬೇಳೆ ನೀರಿನ ಕ್ಯಾನುಗಳೂ ಸೇರಿ, ಕಾರಿನ ಹಿಂಭಾಗ ಕುಸಿಯುತ್ತದೆ. ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ಕೂರುವವರೆಲ್ಲ ಕೂತು, ಆಮೇಲೆ ಅಳೆಯಿರಿ. ಕಾರಿನ ಹಿಂದಿನ ಸ್ಪ್ರಿಂಗಿನೊಳಗೆ ಕೂರಿಸುವ ಗಾಳಿಚೀಲಗಳು ಸಿಗುತ್ತವೆ. ಕುಸಿದ ಕಾರನ್ನು ಮತ್ತೆ ಮಟ್ಟಕ್ಕೆ ತರುತ್ತವೆ. ಆದರೆ ಅವು ಭಾರವನ್ನು ಕಡಿಮೆ ಮಾಡುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ಮಾಡುತ್ತವೆ. ಕಾರಿನ ಕಂಪನಿ ಇಷ್ಟೇ ತೂಕ ಎಂದು ಬರೆದುಕೊಟ್ಟ ಮೇಲೆ ಅಷ್ಟೇ.

ಎರಡನೆಯ ಉಪಾಯ ಹಲಗೆ. ಇಲ್ಲಿನ ಮರದಂಗಡಿಯಲ್ಲಿ ಎರಡಂಗುಲದ ಹಲಗೆ ಎಂದು ಕೊಡುವುದು ನಿಜಕ್ಕೂ ಒಂದೂವರೆ ಅಂಗುಲ ದಪ್ಪದ್ದು. ಅದರ ಎರಡು ತುಂಡನ್ನು ಒಂದರ ಮೇಲೊಂದು ಇಟ್ಟು ಕಾಲುವೆಯ ತಗ್ಗು ತುಂಬಿ, ಟ್ರೈಲರಿನ ಗಾಲಿ ಅದರ ಮೇಲೆ ಹೋಗುವಂತೆ ಮಾಡಿದರೆ, ಮೇಲೆ ಹೇಳಿದ ಐದು ಅಂಗುಲವೂ ಬಾಲಕ್ಕೆ ವಾಪಸು ಸಿಕ್ಕಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಹಲಗೆಯ ತುದಿಗಳನ್ನು ಓರೆಯಾಗಿ ಕುಯ್ದಿಟ್ಟುಕೊಂಡರೆ ಗಾಲಿ ಸಲೀಸಾಗಿ ಏರುತ್ತದೆ. ಮನೆಯ ಮುಂದೆ ಇದನ್ನು ನೆಮ್ಮದಿಯಾಗಿ ಮಾಡಬಹುದು. ಪೆಟ್ರೋಲ್ ಬಂಕಿನ ಬಾಗಿಲಲ್ಲಿ ಹಲಗೆ ಜೋಡಿಸುತ್ತ ನಿಂತರೆ ಹಿಂದಿನವನ ಹಾರನ್ನು ಕೇಳಬೇಕಾಗುತ್ತದೆ. ಅಲ್ಲಿಗೆ ಬೇರೆ ದಾರಿ ಇದೆ, ಹೇಳುತ್ತೇನೆ.

ಓರೆಯಾಗಿ ಏರುವುದೂ ಒಂದು ದಾರಿ. ಎರಡು ಗಾಲಿಯೂ ಒಟ್ಟಿಗೆ ಕಾಲುವೆಗೆ ಬೀಳದೆ, ಒಂದಾದ ಮೇಲೊಂದು ಬೀಳುತ್ತವೆ. ಅಚ್ಚಿನ ನಡುಭಾಗ ಇಳಿಯುವುದು ಅರ್ಧದಷ್ಟೇ. ಏರಿನ ಕಡಿದೂ ಸ್ವಲ್ಪ ತಗ್ಗುತ್ತದೆ. ಆದರೆ ಗಾಡಿ ಪಕ್ಕಕ್ಕೆ ವಾಲುವುದರಿಂದ ಬಾಲದ ಒಂದು ಮೂಲೆ ಕೆಳಗಾಗುತ್ತದೆ, ಆ ಮೂಲೆಯ ಮೇಲೆ ಕಣ್ಣಿಟ್ಟಿರಬೇಕು. ಓರೆಯಾಗಿ ಹೋಗಲು ಅಗಲವಾದ ಜಾಗವೂ ಬೇಕು, ಟ್ರೈಲರು ಯಾವಾಗಲೂ ಕಾರಿಗಿಂತ ಒಳಮಗ್ಗುಲಲ್ಲಿ ತಿರುಗುತ್ತದೆ ಎಂಬ ನೆನಪೂ ಬೇಕು.

ಯಾವ ದಾರಿ ಹಿಡಿದರೂ ಹೊರಗೆ ಒಬ್ಬರು ನಿಂತಿರಬೇಕು. ನಮ್ಮ ಲಾರಿ ಕ್ಲೀನರ್‌ಗಳ ‘ಬರ್ಲಿ ಬರ್ಲಿ, ರೈಟ್ ರೈಟ್, ಹೋಲ್ಡಾನ್’ ಎಂಬ ಮೂರು ಮಾತಿನ ಭಾಷೆಗೆ ಸಾಟಿಯಾದದ್ದನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಇಲ್ಲಿ ಗಂಡ ಹೆಂಡಿರು ಕೈಸನ್ನೆಯಲ್ಲಿ ಮಾತಾಡಲು ಹೋಗಿ ಜಗಳಕ್ಕೆ ನಿಲ್ಲುತ್ತಾರೆ. ಹೊರಗೆ ನಿಂತವರು ಡ್ರೈವರನ ಮುಖ ನೋಡದೆ ಬಗ್ಗಿ ಬಾಲದ ಕೆಳಗಿನ ಬೆಳಕನ್ನು ನೋಡುತ್ತಿರಬೇಕು. ಆ ಬೆಳಕಿನ ಸಂದು ಎರಡು ಬೆರಳಿಗೆ ಬಂತೆಂದರೆ ‘ಹೋಲ್ಡಾನ್’.

ಪೆಟ್ರೋಲ್ ಬಂಕಿಗೆ ನನ್ನ ಉತ್ತರ ಸುಲಭ. ಕಡಿದಾದ ಬಾಗಿಲಿರುವ ಬಂಕಿಗೆ ಹೋಗಬೇಡಿ. ಹೆದ್ದಾರಿ ಪಕ್ಕದಲ್ಲಿ ದೊಡ್ಡ ಲಾರಿಗಳಿಗಾಗಿಯೇ ಇರುವ ತಂಗುದಾಣಗಳಲ್ಲಿ ದಾರಿ ಅಗಲ, ನೆಲ ಸಮತಟ್ಟು, ಅಲ್ಲೇ ತುಂಬಿಸಿಕೊಳ್ಳಿ. ಹಳೆಯ ಪಟ್ಟಣಗಳ ಒಳಗೆ ಹೋಗಲೇಬೇಕಾದರೆ ಟ್ರೈಲರು ಕಳಚಿಟ್ಟ ಸಂಜೆ ಬರಿಯ ಕಾರಿನಲ್ಲಿ ಹೋಗಿ ತುಂಬಿಸಿ. ಬೀದಿಯ ಚಿತ್ರಗಳೂ ಈಗ ಫೋನಿನಲ್ಲೇ ಸಿಗುವ ಕಾಲ. ಹೊರಡುವ ಹಿಂದಿನ ರಾತ್ರಿ ಬಂಕಿನ ಬಾಗಿಲು ಹೇಗಿದೆ ಎಂದು ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು.

ಇಷ್ಟೆಲ್ಲ ಮಾಡಿಯೂ ಗಾಡಿ ತಾಗುತ್ತದೆ, ಹಿಂದೆ ತಾಗುತ್ತಿರಲಿಲ್ಲ, ಈಗೀಗ ತಾಗುತ್ತಿದೆ ಅಂದರೆ ಮಾತು ಬೇರೆ. ಆಗ ಅಚ್ಚನ್ನು ನೋಡಬೇಕು. ಈ ಪುಟ್ಟ ಟ್ರೈಲರುಗಳಲ್ಲಿ ಹೆಚ್ಚಿನವಕ್ಕೆ ಲಾರಿಗಿರುವ ಹಾಗೆ ಕಮಾನು ಪಟ್ಟಿಗಳಿಲ್ಲ. ಅಡ್ಡಲಾಗಿ ಒಂದು ಚೌಕ ಉಕ್ಕಿನ ಕೊಳವೆ. ಅದರೊಳಗೆ ಒಂದು ಸರಳು. ಎರಡರ ನಡುವಿನ ಮೂಲೆಗಳಲ್ಲಿ ಅದುಮಿ ತುರುಕಿದ ರಬ್ಬರಿನ ಬತ್ತಿಗಳು. ಸರಳಿನ ತುದಿಗೆ ಒಂದು ಮೋಟು ತೋಳು, ತೋಳಿನ ತುದಿಗೆ ಗಾಲಿ. ಗಾಲಿ ಗುಂಡಿಗೆ ಬಿದ್ದಾಗ ತೋಳು ತಿರುಗುತ್ತದೆ, ರಬ್ಬರು ನಲುಗಿ ಪೆಟ್ಟು ನುಂಗುತ್ತದೆ. ಸದ್ದಿಲ್ಲ, ಎಣ್ಣೆ ಹಾಕಬೇಕಿಲ್ಲ, ಜಾಗವೂ ಕಡಿಮೆ ಸಾಕು. ಟಾರ್ಶನ್ ಆಕ್ಸಲ್ ಎನ್ನುತ್ತಾರೆ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಇಪ್ಪತ್ತು, ಮೂವತ್ತು ವರ್ಷ ಭಾರ ಹೊತ್ತು ಹೊತ್ತು ಅದು ನಲುಗಿದ ಆಕಾರದಲ್ಲೇ ಗಟ್ಟಿಯಾಗಿಬಿಡುತ್ತದೆ. ತೋಳು ಮೇಲಕ್ಕೆ ಹೋಗುತ್ತದೆ, ಗಾಡಿ ಕೆಳಕ್ಕೆ ಕೂರುತ್ತದೆ. ವರ್ಷಕ್ಕೆ ಕೂದಲೆಳೆಯಷ್ಟು ಇಳಿಯುವುದರಿಂದ ಮಾಲೀಕರ ಗಮನಕ್ಕೇ ಬರುವುದಿಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗಾಡಿಯ ಚೌಕಟ್ಟಿಗೆ ಜಾಕ್ ಕೊಟ್ಟು ಗಾಲಿ ನೆಲ ಬಿಡುವ ತನಕ ಎತ್ತಿ. ಅಚ್ಚಿನ ಕೊಳವೆಗೆ ಮಾತ್ರ ಜಾಕ್ ಕೊಡಬೇಡಿ, ಕೊಳವೆ ನೆಗ್ಗಿದರೆ ಅಚ್ಚೇ ಹೋಯಿತು. ಚೌಕಟ್ಟು ಏರುತ್ತಿದ್ದಂತೆ ಗಾಲಿ ಒಂದೆರಡು ಅಂಗುಲ ಕೆಳಗೆ ಜೋತುಬಿದ್ದರೆ ರಬ್ಬರಿನಲ್ಲಿ ಜೀವ ಇದೆ. ಚೌಕಟ್ಟಿನ ಜೊತೆಗೇ ಗಾಲಿಯೂ ಸೆಟೆದುಕೊಂಡು ಮೇಲೆದ್ದರೆ ಇಲ್ಲ. ಇದಕ್ಕೆ ರಿಪೇರಿ ಎಂಬುದಿಲ್ಲ, ಅಚ್ಚನ್ನೇ ಬದಲಾಯಿಸಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಅದನ್ನು ಚೌಕಟ್ಟಿಗೆ ಬೋಲ್ಟು ಹಾಕದೆ ನೇರವಾಗಿ ವೆಲ್ಡ್ ಮಾಡಿರುತ್ತಾರೆ. ಕತ್ತರಿಸಿ ತೆಗೆಯುವ ಕೆಲಸ ಬಲ್ಲವರ ಕೈಗೇ ಕೊಡಬೇಕು.

ಹೊಸ ಅಚ್ಚು ಹಾಕಿಸುವಾಗಲೇ ಎತ್ತರವನ್ನು ತೀರ್ಮಾನಿಸುವ ಅವಕಾಶ. ಭಾರವಿಲ್ಲದಾಗ ತೋಳು ಯಾವ ಓರೆಯಲ್ಲಿರಬೇಕು ಎಂದು ಕೇಳಿ ಮಾಡಿಸಬಹುದು: ನೆಲಕ್ಕೆ ಸಮನಾಗಿ, ಇಪ್ಪತ್ತೆರಡೂವರೆ ಡಿಗ್ರಿ ಕೆಳಕ್ಕೆ, ನಲವತ್ತೈದು ಡಿಗ್ರಿ ಕೆಳಕ್ಕೆ, ಹೀಗೆ. ತೋಳಿನ ಉದ್ದ 6 ಅಂಗುಲ ಎಂದಿಟ್ಟುಕೊಂಡರೆ, ಸಮನಾಗಿರುವುದಕ್ಕಿಂತ ಇಪ್ಪತ್ತೆರಡೂವರೆಯದು ಗಾಡಿಯನ್ನು ಎರಡು ಅಂಗುಲ ಚಿಲ್ಲರೆ ಎತ್ತುತ್ತದೆ, ನಲವತ್ತೈದರದು ನಾಲ್ಕು ಅಂಗುಲ ಚಿಲ್ಲರೆ. ನಾಲ್ಕು ಅಂಗುಲ ಎಂದ ಕೂಡಲೇ ಎಲ್ಲರ ಬಾಯಲ್ಲೂ ನೀರು. ಸ್ವಲ್ಪ ನಿಲ್ಲಿ. ತೋಳು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದು ಕೆಳಕ್ಕೆ ತಿರುಗಿದಷ್ಟೂ ಗಾಲಿ ಮುಂದಕ್ಕೆ ಬರುತ್ತದೆ, ನಲವತ್ತೈದರಲ್ಲಿ ಹತ್ತಿರ ಹತ್ತಿರ ಎರಡು ಅಂಗುಲ. ಗಾಲಿ ಮುಂದೆ ಬಂದರೆ ಮೂಕಿಯ ಭಾರ ಇಳಿಯುತ್ತದೆ. 1,200 ಕಿಲೋ ಗಾಡಿಯಲ್ಲಿ ಇದು ಹದಿನೆಂಟು ಕಿಲೋದಷ್ಟು. ಮೊದಲೇ ಹತ್ತು ಪಾಲಿನ ಗಡಿಯಲ್ಲಿದ್ದ ಗಾಡಿ ಈಗ ಹಿಂಭಾರದ ಕಡೆಗೆ ಜಾರಿತು. ತಳ ಉಜ್ಜುವ ತೊಂದರೆ ನೀಗಿ ಬಾಲ ಬೀಸುವ ತೊಂದರೆ ತಗುಲಿಕೊಂಡಿತು. ಹೊಸ ಅಚ್ಚಿನ ಬ್ರಾಕೆಟ್ಟನ್ನು ಅಷ್ಟು ಹಿಂದಕ್ಕೆ ಸರಿಸಿ ಕೂರಿಸಿದರೆ ಸರಿಹೋಗುತ್ತದೆ, ಆದರೆ ಕೆಲಸ ಮಾಡುವವರಿಗೆ ಈ ಲೆಕ್ಕ ಗೊತ್ತಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು.

ಅಚ್ಚು ಚೆನ್ನಾಗಿಯೇ ಇದೆ, ಎತ್ತರ ಮಾತ್ರ ಬೇಕು ಎನ್ನುವವರು ಅಚ್ಚಿಗೂ ಚೌಕಟ್ಟಿಗೂ ನಡುವೆ ಉಕ್ಕಿನ ಡಬ್ಬಿಯಂಥ ತುಂಡುಗಳನ್ನು ಇಟ್ಟು ಎರಡೋ ಮೂರೋ ಅಂಗುಲ ಎತ್ತಿಸುತ್ತಾರೆ. ಕಮಾನು ಪಟ್ಟಿಯ ಗಾಡಿಯಾದರೆ, ಪಟ್ಟಿಯ ಮೇಲಿದ್ದ ಅಚ್ಚನ್ನು ಅದರ ಕೆಳಗೆ ತರುವ ರೂಢಿ ಇದೆ. ನಾಲ್ಕೈದು ಅಂಗುಲ ಸಿಗುತ್ತದೆ. ಅಲ್ಲೂ ಒಂದು ಎಚ್ಚರಿಕೆ: ಅಚ್ಚನ್ನು ಬುಡಮೇಲು ತಿರುಗಿಸಿ ಹಾಕಬಾರದು. ಎಷ್ಟೋ ಅಚ್ಚುಗಳಿಗೆ ನಡುವೆ ಕೊಂಚ ಮೇಲುಬಾಗು ಕೊಟ್ಟಿರುತ್ತಾರೆ, ಭಾರ ಬಿದ್ದಾಗ ನೆಟ್ಟಗಾಗಲಿ ಎಂದು. ಬುಡಮೇಲಾದರೆ ಗಾಲಿಗಳು ಓರೆ ನಿಂತು ಟೈರು ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ಪಟ್ಟಿ ಕೂರುವ ಹೊಸ ಪೀಠವನ್ನು ವೆಲ್ಡ್ ಮಾಡಿ, ಅಚ್ಚು ಇದ್ದ ಹಾಗೇ ಇರಬೇಕು.

ಎತ್ತರಿಸಿದ ಮೇಲೆ ಸಿಗುವುದೆಷ್ಟು? ನಮ್ಮ 16 ಅಡಿ ಗಾಡಿಯನ್ನು ಮೂರು ಅಂಗುಲ ಎತ್ತಿದರೆ ಬಂಪರಿನ ಓರೆ 11 ಡಿಗ್ರಿಯಿಂದ 13 ಡಿಗ್ರಿಗೆ ಬಂತು. ಎರಡು ಡಿಗ್ರಿ! ಬದಲಿಗೆ ಕೊಟ್ಟದ್ದೇನು? ಗಾಡಿಯ ಭಾರವೆಲ್ಲ ಮೂರು ಅಂಗುಲ ಮೇಲೆ ಹೋಯಿತು, ಗಾಳಿಗೆ ವಾಲುವುದು ಹೆಚ್ಚಿತು, ಮೆಟ್ಟಿಲು ಎತ್ತರವಾಯಿತು, ಗುಂಡಿನ ಎತ್ತರ ಹೊಸದಾಗಿ ಹೊಂದಿಸಬೇಕಾಯಿತು. ಕಡಿದಾದ ಅಂಗಳದ ಮನೆಯವರಿಗೆ, ಕಚ್ಚಾ ರಸ್ತೆಯ ಕೊನೆಯಲ್ಲಿರುವ ಬೀಡುಗಳನ್ನೇ ಹುಡುಕಿ ಹೋಗುವವರಿಗೆ ಆ ಎರಡು ಡಿಗ್ರಿ ಬೇಕೇ ಬೇಕು. ನ್ಯೂ ಮೆಕ್ಸಿಕೋದ ಚಾಕೋ ಕಣಿವೆಯ ಪುರಾತನ ಊರನ್ನು ನೋಡಲು ಹೋಗುವ ಮಣ್ಣು ರಸ್ತೆಯಲ್ಲಿ ಯಾರೂ ನನ್ನ ಉಪದೇಶ ಕೇಳುವುದಿಲ್ಲ. ಡಾಂಬರು ಬಿಟ್ಟು ಇಳಿಯದವರಿಗೆ ಎರಡು ಹಲಗೆ ಸಾಕು.

ಬಂಪರಿನ ಕೆಳಗೆ ಎರಡು ಪುಟ್ಟ ಉಕ್ಕಿನ ಚಕ್ರ ಹಾಕಿಸುವವರಿದ್ದಾರೆ. ಬಾಲ ನೆಲ ಮುಟ್ಟಿದರೆ ಉಜ್ಜದೆ ಉರುಳಲಿ ಎಂದು. ಕೊಳವೆಯನ್ನು ಕಾಯಲು ಇದು ಒಳ್ಳೆಯದೇ. ಆದರೆ ಬಾಲ ಆ ಚಕ್ರಗಳ ಮೇಲೆ ಕೂತ ಗಳಿಗೆಯಲ್ಲಿ ಗಾಡಿಯ ಭಾರದ ಪಾಲು ಅಚ್ಚಿನಿಂದ ಹೊರಟು ಚೌಕಟ್ಟಿನ ತುದಿಗೆ ಬೀಳುತ್ತದೆ, ಗಾಲಿಯ ಹಿಡಿತ ಸಡಿಲವಾಗುತ್ತದೆ. ಆ ಚೌಕಟ್ಟನ್ನು ತುದಿಯಲ್ಲಿ ಭಾರ ಹೊರಲಿ ಎಂದು ಯಾರೂ ಮಾಡಿರುವುದಿಲ್ಲ. ಅಪರೂಪಕ್ಕೊಮ್ಮೆ ತಾಗುವವರಿಗೆ ಇರಲಿ. ದಿನಾ ಅದರ ಮೇಲೇ ಉರುಳಿಸಿಕೊಂಡು ಮನೆ ಸೇರುವವರ ಗಾಡಿಯ ಬೆಸುಗೆಗಳು ಒಂದು ದಿನ ಲೆಕ್ಕ ಕೇಳುತ್ತವೆ.

ಬಾಲದ ಮಾತು ಸಾಕು. ಉಬ್ಬು ದಾಟುವಾಗ ತೊಂದರೆಯಾಗುವುದು ನಡುವಿನಲ್ಲಿ, ಮೂಕಿಯ ಜಾಕಿಗೆ. ನಿಲ್ಲಿಸಿದಾಗ ಮೂಕಿಯನ್ನು ಹೊರುವ ಈ ಜಾಕನ್ನು ಹೊರಡುವಾಗ ಪೂರ್ತಿ ಮೇಲಕ್ಕೆ ತಿರುಗಿಸಿ, ಅದರ ಪಾದವೋ ಚಕ್ರವೋ ಕಳಚುವಂತಿದ್ದರೆ ಕಳಚಿ ಒಳಗಿಡಬೇಕು. ನಮ್ಮ ದೇಶದ ರಸ್ತೆ ಉಬ್ಬುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಕಾರಿನ ಹಿಂದಿನ ಗಾಲಿಗೂ ಟ್ರೈಲರಿನ ಗಾಲಿಗೂ ಸುಮಾರು ನಾಲ್ಕೂವರೆ ಮೀಟರ್ ಅಂತರ. ಅಂದರೆ ಇಡೀ ಉಬ್ಬು ಎರಡು ಗಾಲಿಗಳ ನಡುವೆ ಅಡಗಿ ಕೂರುತ್ತದೆ, ಜಾಕಿನ ಕೆಳಗಿನ ಜಾಗದಲ್ಲಿ 10 ಸೆಂಟಿಮೀಟರ್ ಮಾಯ. ಇದು ಪುಸ್ತಕದಲ್ಲಿರುವ ಉಬ್ಬಿನ ಲೆಕ್ಕ. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಹಂಪುಗಳಿಗೆ ಯಾವ ಪುಸ್ತಕವೂ ಇಲ್ಲ.

ಅರಿಜೋನ, ಕ್ಯಾಲಿಫೋರ್ನಿಯದ ಮರುಭೂಮಿ ರಸ್ತೆಗಳಲ್ಲಿ ಇದರ ತಿರುಗುಮುರುಗು. ಒಣಹಳ್ಳ ಅಡ್ಡಬಂದ ಕಡೆ ಸೇತುವೆ ಕಟ್ಟದೆ ರಸ್ತೆಯನ್ನೇ ಹಳ್ಳದೊಳಕ್ಕೆ ಇಳಿಸಿ ಹತ್ತಿಸಿರುತ್ತಾರೆ; ‘ಡಿಪ್’ ಎಂದು ಹಳದಿ ಫಲಕ. ನಿಧಾನ ಹೋದರೆ ಏನೂ ಇಲ್ಲ. ವೇಗದಲ್ಲಿ ಇಳಿದರೆ ತಳದಲ್ಲಿ ಕಾರಿನ ಸ್ಪ್ರಿಂಗೂ ಟ್ರೈಲರಿನ ರಬ್ಬರೂ ಒಟ್ಟಿಗೆ ಅದುಮಿಕೊಂಡು, ನಿಂತಾಗ ಇದ್ದ ಜಾಗದಲ್ಲಿ ಅರ್ಧವೂ ಉಳಿಯುವುದಿಲ್ಲ, ಗುಂಡು ಹಿಡಿದ ಬಾಲ್ ಮೌಂಟ್ ರಸ್ತೆಗೆ ಬಡಿಯುತ್ತದೆ. ಸಿಯಾಟಲ್ ಸುತ್ತಿನ ದ್ವೀಪಗಳಿಗೆ ಹೋಗುವ ದೋಣಿಗಳಲ್ಲಿ ಇನ್ನೊಂದು ಬಗೆ. ಅಲ್ಲಿ ಸಮುದ್ರದ ಉಬ್ಬರ ಇಳಿತಗಳ ನಡುವೆ ಹತ್ತಡಿಗೂ ಮಿಕ್ಕಿ ವ್ಯತ್ಯಾಸ ಬರುವುದುಂಟು. ಇಳಿತದ ಹೊತ್ತಿಗೆ ದೋಣಿ ಕೆಳಗಿರುತ್ತದೆ, ಅದಕ್ಕೆ ಇಳಿಯುವ ಸೇತು ಕಡಿದಾಗಿರುತ್ತದೆ. ಉಬ್ಬರದ ಹೊತ್ತಿಗೆ ಹೋದರೆ ಅದೇ ಸೇತು ಹೆಚ್ಚುಕಡಿಮೆ ಸಮತಟ್ಟು. ಟಿಕೆಟು ಕೊಳ್ಳುವಾಗಲೇ ‘ನಮ್ಮ ಗಾಡಿಯ ತಳ ತಗ್ಗು’ ಎಂದು ಹೇಳಿಬಿಡುವುದು ಮೇಲು.

ಕೊನೆಯದಾಗಿ ರೈಲ್ವೆ ಗೇಟು. ಇದನ್ನು ಮಾತ್ರ ಹಗುರವಾಗಿ ಹೇಳುವ ಹಾಗಿಲ್ಲ. ಹಳಿಯ ಕೆಳಗಿನ ಜಲ್ಲಿಯನ್ನು ಆಗಾಗ ತುಂಬಿ ಗಟ್ಟಿ ಮಾಡುತ್ತಾರೆ. ಪ್ರತಿ ಸಲವೂ ಹಳಿ ಕೊಂಚ ಮೇಲೇರುತ್ತದೆ. ರಸ್ತೆ ಇದ್ದಲ್ಲೇ ಇರುತ್ತದೆ. ವರ್ಷಗಳು ಕಳೆದಂತೆ ಸಮತಟ್ಟಾಗಿದ್ದ ಗೇಟು ದಿಬ್ಬವಾಗುತ್ತದೆ. ಹಳಿಯಿಂದ 30 ಅಡಿ ದೂರದಲ್ಲಿ ರಸ್ತೆಯು ಹಳಿಗಿಂತ 3 ಅಂಗುಲಕ್ಕಿಂತ ಹೆಚ್ಚು ತಗ್ಗಿನಲ್ಲಾಗಲಿ ಎತ್ತರದಲ್ಲಾಗಲಿ ಇರಬಾರದು ಎಂದು ಅಮೆರಿಕದ ರಸ್ತೆ ಎಂಜಿನಿಯರುಗಳ ಕೈಪಿಡಿ ಹೇಳುತ್ತದೆ. ಹಳೆಯ ಗೇಟುಗಳೆಲ್ಲ ಅದನ್ನು ಪಾಲಿಸುತ್ತಿಲ್ಲ. 2017ರ ಮಾರ್ಚ್ 7ರಂದು ಮಿಸಿಸಿಪಿ ರಾಜ್ಯದ ಬಿಲಾಕ್ಸಿಯಲ್ಲಿ ಪ್ರವಾಸಿ ಬಸ್ಸೊಂದು ಇಂಥದೇ ದಿಬ್ಬದ ಮೇಲೆ ತಳ ಸಿಕ್ಕಿಕೊಂಡು ನಿಂತಿತು, ಗೂಡ್ಸ್ ರೈಲು ಬಂದು ಹೊಡೆಯಿತು, ನಾಲ್ವರು ಸತ್ತರು. ತಳ ತಾಗಬಹುದೆಂದು ಎಚ್ಚರಿಸುವ ಫಲಕ ಅಲ್ಲಿ ಇತ್ತು. ಹಳದಿ ಹಲಗೆಯ ಮೇಲೆ ಹಳಿಯ ದಿಬ್ಬಕ್ಕೆ ತಳ ಸಿಕ್ಕಿಬಿದ್ದ ಲಾರಿಯ ಚಿತ್ರ. ಅದನ್ನು ಕಂಡರೆ, ಟ್ರೈಲರು ಎಷ್ಟೇ ಪುಟ್ಟದಿರಲಿ, ಮುಂದಿನ ಗೇಟಿಗೆ ಸುತ್ತಿಕೊಂಡು ಹೋಗಿ.

ಸಿಕ್ಕಿಕೊಂಡೇಬಿಟ್ಟರೆ, ಎಲ್ಲರೂ ಆ ಕ್ಷಣವೇ ಇಳಿಯಬೇಕು. ಟ್ರೈಲರು ಕಳಚುವ ಪ್ರಯತ್ನ ಬೇಡ, ಪಾಸ್‌ಪೋರ್ಟು ಒಳಗಿದೆ ಎಂದು ಹಿಂದಿರುಗುವುದೂ ಬೇಡ. ರೈಲು ಬರುತ್ತಿದ್ದರೆ ಅದು ಬರುವ ದಿಕ್ಕಿಗೇ, ಹಳಿಯಿಂದ ಓರೆಯಾಗಿ ದೂರ ಓಡಬೇಕು. ಗುದ್ದಿದ ಗಾಡಿಯ ಚೂರುಗಳು ರೈಲು ಹೋಗುವ ಕಡೆಗೆ ಸಿಡಿಯುತ್ತವೆ. ರೈಲು ಇನ್ನೂ ಕಾಣದಿದ್ದರೆ ಗೇಟಿನ ಕಂಬದ ಮೇಲೆ ನೀಲಿ ಬಣ್ಣದ ಚಿಕ್ಕ ಫಲಕ ಹುಡುಕಿ. ರೈಲ್ವೆಯವರ ಫೋನ್ ನಂಬರೂ ಆ ಗೇಟಿನ ಗುರುತಿನ ಸಂಖ್ಯೆಯೂ ಅದರಲ್ಲಿರುತ್ತವೆ. ಮೊದಲ ಫೋನು ಅಲ್ಲಿಗೆ, ಗುರುತಿನ ಸಂಖ್ಯೆ ಓದಿ ಹೇಳಿ. ಆಮೇಲೆ ಪೊಲೀಸರಿಗೆ. ಗಾಡಿ ಎಳೆಯುವವರಿಗೆ ಎಲ್ಲಕ್ಕಿಂತ ಕೊನೆಗೆ.